ಇಪ್ಪತ್ತೈದು ಸೆಂಟಿನ ಅದ್ಭುತಗಳು: ನ್ಯೂಯಾರ್ಕ್ ರಾಜ್ಯದ ಹಳ್ಳಿದಾರಿಯಲ್ಲಿ

ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ಮಗ ಸುಹಾಸ ನಮ್ಮಿಬ್ಬರನ್ನು ನಯಾಗರಕ್ಕೆ ಕರೆದೊಯ್ಯುತ್ತೇನೆ ಎಂದಾಗ ನಾನು ಒಂದು ಷರತ್ತು ಹಾಕಿದೆ. ಹೆದ್ದಾರಿ ಹಿಡಿದು ಒಂದೇ ಓಟದಲ್ಲಿ ಜಲಪಾತ ಮುಟ್ಟುವುದು ಬೇಡ, ನ್ಯೂಯಾರ್ಕ್ ರಾಜ್ಯದ ನಡುನಾಡಿನ ಹಳ್ಳಿಗಳನ್ನು ನೋಡುತ್ತ ನಿಧಾನವಾಗಿ ಪಶ್ಚಿಮಕ್ಕೆ ಹೋಗೋಣ ಎಂದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕವನ್ನು ಬೆರಗಾಗಿಸಿದ ಕಲ್ಲಿನ ದೈತ್ಯ, ಗೋಡೆ ತಟ್ಟುವ ಪ್ರೇತ, ಸರೋವರದ ಮಹಾಸರ್ಪ, ಸೆರೆಮನೆಯ ಬಾಗಿಲಿನಿಂದ ಮಾಯವಾದ ಮನುಷ್ಯ, ಎಲ್ಲವೂ ಹುಟ್ಟಿದ್ದು ಈ ಒಂದೇ ಸೀಮೆಯಲ್ಲಿ. 1825ರಲ್ಲಿ 363 ಮೈಲಿ ಉದ್ದದ ಈರಿ ಕಾಲುವೆ ತೆರೆದ ಮೇಲೆ ಇಲ್ಲಿಗೆ ಹೊಸ ಜನ, ಹೊಸ ಹಣ, ಹೊಸ ಪತ್ರಿಕೆಗಳು ಬಂದವು. ಅವುಗಳ ಹಿಂದೆಯೇ ಹೊಸ ಪಂಥಗಳೂ ಬಂದವು. ನನ್ನ ಯೋಜನೆ ಕೇಳಿದ ನಮ್ಮ ಮನೆಯವರು, ಸುಳ್ಳೆಂದು ಗೊತ್ತಿರುವುದನ್ನು ನೋಡಲು ಇಷ್ಟು ಪೆಟ್ರೋಲು ಸುಡಬೇಕೇ ಎಂದು ಕೇಳಿದರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರಗಳೊಡನೆ ಕಳೆದವರು ಅವರು. ಆದರೂ ಕಾರು ಹತ್ತಿದರು.

ಮೊದಲ ದಿನ: ಕೂಪರ್ಸ್‌ಟೌನ್

ಆಗಸ್ಟ್ ಕೊನೆಯ ವಾರವಾದ್ದರಿಂದ ಕ್ಯಾಟ್‌ಸ್ಕಿಲ್ ಬೆಟ್ಟಗಳು ಇನ್ನೂ ದಟ್ಟ ಹಸಿರಾಗಿದ್ದವು. ಮಧ್ಯಾಹ್ನದ ಹೊತ್ತಿಗೆ ಸಸ್ಕ್ವಿಹಾನಾ ನದಿ ಹುಟ್ಟುವ ಆಟ್‌ಸೀಗೊ ಸರೋವರದ ದಡ ಸೇರಿ, ಬೆಂಚಿನ ಮೇಲೆ ಕುಳಿತು ಕಟ್ಟಿ ತಂದಿದ್ದ ಪುಳಿಯೋಗರೆ ಮುಗಿಸಿದೆವು. ಕೂಪರ್ಸ್‌ಟೌನಿನ ಬೀದಿ ತುಂಬ ಬೇಸ್‌ಬಾಲ್ ಟೋಪಿ ಹಾಕಿದ ಮಕ್ಕಳಿದ್ದರು, ಏಕೆಂದರೆ ಆ ಆಟದ ರಾಷ್ಟ್ರೀಯ ಸ್ಮಾರಕಭವನ ಇರುವುದು ಇದೇ ಊರಿನಲ್ಲಿ. ಆಬ್ನರ್ ಡಬಲ್‌ಡೇ ಎಂಬಾತ 1839ರಲ್ಲಿ ಇಲ್ಲಿನ ಬಯಲಿನಲ್ಲಿ ಬೇಸ್‌ಬಾಲನ್ನು ಕಂಡುಹಿಡಿದನೆಂದು 1907ರಲ್ಲಿ ಒಂದು ಸಮಿತಿ ತೀರ್ಮಾನಿಸಿತು. ಆ ವರ್ಷ ಅವನು ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ಓದುತ್ತಿದ್ದನೆಂಬುದು ಆಮೇಲೆ ಎಲ್ಲರಿಗೂ ತಿಳಿಯಿತು. ಆ ಕಥೆಯನ್ನು ಇಂದು ಇತಿಹಾಸಕಾರರಾರೂ ಒಪ್ಪುವುದಿಲ್ಲ. 1939ರಲ್ಲಿ ಬಾಗಿಲು ತೆರೆದ ಭವನ ಮಾತ್ರ ಅಲ್ಲಿಯೇ ನಿಂತಿದೆ, ಜನರೂ ಬರುತ್ತಲೇ ಇದ್ದಾರೆ. ನಾವು ನೋಡಹೊರಟಿದ್ದ ದೈತ್ಯನಿಗೆ ಇದಕ್ಕಿಂತ ಒಪ್ಪುವ ಊರು ಸಿಗುತ್ತಿರಲಿಲ್ಲ.

ಕಾರ್ಡಿಫ್ ದೈತ್ಯ ಈಗ ಊರ ಹೊರಗಿನ ಫಾರ್ಮರ್ಸ್ ಮ್ಯೂಸಿಯಮ್ಮಿನಲ್ಲಿ ಮಲಗಿದ್ದಾನೆ. ಹತ್ತು ಅಡಿಗೂ ತುಸು ಹೆಚ್ಚು ಉದ್ದ, ಸುಮಾರು ಮೂರು ಸಾವಿರ ಪೌಂಡು ತೂಕ, ಒಂದು ಕೈ ಹೊಟ್ಟೆಯ ಮೇಲೆ. ಬೆಳಗೊಳದ ಗೊಮ್ಮಟನನ್ನು ನೋಡಿ ಬೆಳೆದ ಕಣ್ಣಿಗೆ ಇವನು ಹೊಟ್ಟೆನೋವಿನಿಂದ ಮಲಗಿದ ಹುಡುಗನಂತೆ ಕಂಡ. ಆದರೆ 1869ರ ಅಕ್ಟೋಬರಿನಲ್ಲಿ ಇವನನ್ನು ನೋಡಿದವರು ಟೋಪಿ ತೆಗೆದು ಪಿಸುಮಾತಿನಲ್ಲಿ ಮಾತನಾಡಿದ್ದರು.

ಹಿಂದಿನ ಕಥೆ ಹೀಗಿದೆ. ಜಾರ್ಜ್ ಹಲ್ ಎಂಬ ಹೊಗೆಸೊಪ್ಪಿನ ವ್ಯಾಪಾರಿ ದೇವರನ್ನು ನಂಬದವನು. ಅಯೋವಾದಲ್ಲಿ ಒಬ್ಬ ಮೆಥಡಿಸ್ಟ್ ಬೋಧಕನೊಡನೆ, ಬೈಬಲ್ಲು ಹೇಳುವ ದೈತ್ಯರು ನಿಜವಾಗಿಯೂ ಇದ್ದರೇ ಎಂಬ ಬಗ್ಗೆ ಅವನಿಗೆ ಜೋರು ವಾದವಾಯಿತು. ನಂಬುವವರಿಗೆ ಒಬ್ಬ ದೈತ್ಯನನ್ನೇ ಕೊಟ್ಟುಬಿಡೋಣ ಎಂದುಕೊಂಡ ಅವನು, ಲಿಂಕನ್ನನ ಸ್ಮಾರಕಕ್ಕೆಂದು ಸುಳ್ಳು ಹೇಳಿ ಫೋರ್ಟ್ ಡಾಜ್ ಎಂಬಲ್ಲಿ ಜಿಪ್ಸಮ್ಮಿನ ದೊಡ್ಡ ಬಂಡೆಯನ್ನು ಕಡಿಸಿ ಷಿಕಾಗೋಕ್ಕೆ ಸಾಗಿಸಿದ; ಅಲ್ಲಿ ತನ್ನದೇ ರೂಪದಲ್ಲಿ ಅದನ್ನು ಕೆತ್ತಿಸಿ, ಹಲಗೆಗೆ ಜೋಡಿಸಿದ ಉಕ್ಕಿನ ಸೂಜಿಗಳಿಂದ ಮೈತುಂಬ ಚುಚ್ಚಿಸಿ ಚರ್ಮದ ರಂಧ್ರಗಳನ್ನು ಮೂಡಿಸಿ, ಆಮ್ಲ ಸುರಿದು ಹಳೆಯದಾಗಿಸಿದ. ಕೂದಲು ಕಲ್ಲಾಗುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ಗಡ್ಡವನ್ನು ತೆಗೆಸಿದ. 1868ರ ನವೆಂಬರಿನಲ್ಲಿ ಅದನ್ನು ಕಾರ್ಡಿಫಿನಲ್ಲಿದ್ದ ತನ್ನ ಬಂಧು ವಿಲಿಯಂ ನ್ಯೂವೆಲ್ಲನ ಹೊಲದಲ್ಲಿ ಹೂಳಿಸಿದ. ಈ ಎಲ್ಲಕ್ಕೂ ತಗುಲಿದ ಖರ್ಚು ಸುಮಾರು 2,600 ಡಾಲರ್.

ಹತ್ತೊಂಬತ್ತನೆಯ ಶತಮಾನದ ಉಡುಪು ತೊಟ್ಟಿದ್ದ ವಯಸ್ಸಾದ ಮಹಿಳೆಯೊಬ್ಬರು ಅಲ್ಲಿ ಪ್ರವಾಸಿಗರೊಡನೆ ಮಾತನಾಡುತ್ತ ನಿಂತಿದ್ದರು. ಬಂದವರು ಮೊದಲು ಏನು ಕೇಳುತ್ತಾರೆ ಎಂದು ನಾನು ಕೇಳಿದೆ. “ಇದು ಅಸಲಿಯೇ ಎಂದು ಕೇಳುತ್ತಾರೆ. ಹೌದು, ಅಸಲಿ ಮೋಸ ಇದೇ ಎನ್ನುತ್ತೇನೆ” ಎಂದು ಅವರು ನಕ್ಕರು. ಆ ಮಾತಿಗೆ ಕಾರಣವಿದೆ. ಪ್ರದರ್ಶನಗಳ ದೊರೆ ಪಿ. ಟಿ. ಬಾರ್ನಮ್ ದೈತ್ಯನಿಗೆ 50,000 ಡಾಲರ್ ಕೊಡಲು ಮುಂದಾದ. ಮಾಲೀಕರು ಒಪ್ಪದಿದ್ದಾಗ ಗಾರೆಯಿಂದ ಇನ್ನೊಬ್ಬ ದೈತ್ಯನನ್ನು ಮಾಡಿಸಿ, ತನ್ನದೇ ನಿಜವೆಂದು ನ್ಯೂಯಾರ್ಕಿನಲ್ಲಿ ತೋರಿಸತೊಡಗಿದ. ಮಾಲೀಕರು ನ್ಯಾಯಾಲಯಕ್ಕೆ ಹೋದಾಗ, ನಿಮ್ಮ ದೈತ್ಯನೇ ಇಲ್ಲಿಗೆ ಬಂದು ತಾನು ನಿಜವೆಂದು ಪ್ರಮಾಣ ಮಾಡಲಿ ಎಂದು ನ್ಯಾಯಾಧೀಶ ಹೇಳಿದನೆಂಬ ಪ್ರತೀತಿ ಉಂಟು. ಕ್ಷಣಕ್ಕೊಬ್ಬ ಮೂರ್ಖ ಹುಟ್ಟುತ್ತಾನೆ ಎಂಬ ಮಾತನ್ನು ಲೋಕವೆಲ್ಲ ಬಾರ್ನಮ್ಮನ ಬಾಯಿಗೆ ಹಾಕಿದೆ, ಆದರೆ ಅವನು ಹಾಗೆ ಹೇಳಿದ್ದಕ್ಕೆ ದಾಖಲೆಯಿಲ್ಲ. ಮೋಸದ ಬಗ್ಗೆ ಹುಟ್ಟಿದ ಕಥೆಗಳೂ ಮೋಸದಷ್ಟೇ ಸಲೀಸಾಗಿ ನಂಬಿಕೆ ಗಳಿಸಿಕೊಳ್ಳುತ್ತವೆ ಎಂಬುದು ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಈ ಮ್ಯೂಸಿಯಂ ಚಳಿಗಾಲದಲ್ಲಿ ಮುಚ್ಚಿರುವುದರಿಂದ ಹೋಗುವವರು ಬೇಸಿಗೆಯಲ್ಲಿ, ಅರ್ಧ ದಿನವನ್ನಾದರೂ ಇಟ್ಟುಕೊಂಡು ಹೋಗಬೇಕು. ಅಲ್ಲಿನ ಕಮ್ಮಾರಸಾಲೆಯಿಂದ ನಮ್ಮ ಮನೆಯವರನ್ನು ಎಬ್ಬಿಸಿ ತರುವುದೇ ನಮಗೆ ಕಷ್ಟವಾಯಿತು.

ಎರಡನೆಯ ದಿನ: ಇಪ್ಪತ್ತನೇ ನಂಬರಿನ ರಸ್ತೆ, ಕಾರ್ಡಿಫ್

ಪಶ್ಚಿಮಕ್ಕೆ ಹೋಗುವ ಇಪ್ಪತ್ತನೇ ನಂಬರಿನ ರಸ್ತೆ ಗುಡ್ಡಗಳನ್ನು ಬಳಸಿ ಹೋಗುವುದಿಲ್ಲ, ನೇರವಾಗಿ ಹತ್ತಿ ನೇರವಾಗಿ ಇಳಿಯುತ್ತದೆ. ಪ್ರತಿ ದಿಬ್ಬದ ನೆತ್ತಿಯಲ್ಲೂ ಮುಂದಿನ ಹತ್ತು ಮೈಲಿಯ ಹೊಲ, ಕೆಂಪು ಕೊಟ್ಟಿಗೆ, ಬಿಳಿಯ ಚರ್ಚಿನ ಮೊನೆ ಕಾಣಿಸಿ, ಇಳಿಜಾರಿನಲ್ಲಿ ಮತ್ತೆ ಮರೆಯಾಗುತ್ತಿದ್ದವು. ತಗ್ಗುಗಳಲ್ಲಿ ಫೋನಿಗೆ ಸಿಗ್ನಲ್ ಸಿಗದೆ ನಕ್ಷೆ ಸ್ತಬ್ಧವಾಗುತ್ತಿತ್ತು. ಈ ದಾರಿ ಹಿಡಿಯುವವರು ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರುವುದು ಒಳ್ಳೆಯದು. ರಸ್ತೆ ಬದಿಯಲ್ಲಿ ಒಂದು ಮೇಜು, ಮೇಜಿನ ಮೇಲೆ ಜೋಳದ ತೆನೆಗಳ ರಾಶಿ, ಪಕ್ಕದಲ್ಲಿ ದುಡ್ಡು ಹಾಕುವ ತಗಡಿನ ಡಬ್ಬಿ, ಕಾಯಲು ಯಾರೂ ಇಲ್ಲ. ನಮ್ಮ ಮೂವರ ಬಳಿಯೂ ಕಾರ್ಡುಗಳಿದ್ದವು, ಚಿಲ್ಲರೆ ಇರಲಿಲ್ಲ. ಹಿತ್ತಿಲಿನಿಂದ ಬಂದ ರೈತ ಮಹಿಳೆ ಇಪ್ಪತ್ತು ಡಾಲರಿನ ನೋಟಿಗೆ ಚಿಲ್ಲರೆ ಕೊಟ್ಟು, ಎರಡು ತೆನೆ ಹೆಚ್ಚಾಗಿಯೇ ಹಾಕಿ, ಹಸಿಯಾಗಿಯೇ ತಿಂದು ನೋಡಿ ಎಂದರು. ಹಾಲಿನಷ್ಟು ಸಿಹಿ.

ಕಾರ್ಡಿಫ್ ಒಂದು ಕಣಿವೆಯ ತಳದಲ್ಲಿರುವ ಕೆಲವೇ ಮನೆಗಳ ಊರು. ನೀಲಿ ಹಳದಿ ಬಣ್ಣದ ಇತಿಹಾಸ ಫಲಕವೊಂದನ್ನು ಬಿಟ್ಟರೆ ನೋಡಲು ಏನೂ ಇಲ್ಲ, ಹೊಲಗಳು ಖಾಸಗಿಯಾದ್ದರಿಂದ ರಸ್ತೆಯಿಂದಲೇ ನೋಡಬೇಕು. ಆದರೂ ನನಗೆ ಮ್ಯೂಸಿಯಮ್ಮಿಗಿಂತ ಈ ಕಣಿವೆಯೇ ಹೆಚ್ಚು ಅರ್ಥವಾಯಿತು. 1869ರ ಅಕ್ಟೋಬರ್ 16ರಂದು ನ್ಯೂವೆಲ್ ಕೊಟ್ಟಿಗೆಯ ಹಿಂದೆ ಬಾವಿ ತೋಡಲು ಇಬ್ಬರನ್ನು ನೇಮಿಸಿದ. ಮೂರಡಿ ಅಗೆಯುವಷ್ಟರಲ್ಲಿ ಗುದ್ದಲಿಗೆ ಕಲ್ಲಿನ ಪಾದ ತಾಗಿತು. ಅವನು ಗುಂಡಿಯ ಮೇಲೆ ಡೇರೆ ಹಾಕಿ ತಲೆಗೆ 25 ಸೆಂಟು ಇಟ್ಟ, ಎರಡೇ ದಿನದಲ್ಲಿ ಅದನ್ನು 50 ಸೆಂಟಿಗೆ ಏರಿಸಿದ. ಗಾಡಿಗಳ ಸಾಲು ಈ ಇಳಿಜಾರಿನಲ್ಲಿಯೇ ನಿಂತಿದ್ದಿರಬೇಕು. ಕೆಲವರು ಇದು ಕಲ್ಲಾದ ಮನುಷ್ಯ ಎಂದರು, ಕೆಲವರು ಎರಡು ಶತಮಾನದ ಹಿಂದೆ ಜೆಸ್ಯೂಟ್ ಪಾದ್ರಿಗಳು ಕೆತ್ತಿದ ವಿಗ್ರಹ ಎಂದರು. ಎರಡೂ ಪಕ್ಷದಲ್ಲಿ ಓದಿದವರೇ ಇದ್ದರು. ಕಾರ್ನೆಲ್ ವಿಶ್ವವಿದ್ಯಾಲಯದ ಅಧ್ಯಕ್ಷ ಆಂಡ್ರೂ ವೈಟ್ ಮಾತ್ರ, ನೀರು ಹತ್ತಿರದಲ್ಲಿಯೇ ಇರುವಾಗ ಇಲ್ಲಿ ಬಾವಿ ತೋಡುವ ಅಗತ್ಯವೇನಿತ್ತು ಎಂಬ ಸರಳ ಪ್ರಶ್ನೆ ಕೇಳಿಕೊಂಡ. ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಓಥ್ನಿಯೆಲ್ ಮಾರ್ಷ್ ಉಳಿಯ ಗುರುತುಗಳು ಇನ್ನೂ ಹೊಸದಾಗಿರುವುದನ್ನು ಕಂಡು, ಒದ್ದೆ ಮಣ್ಣಿನಲ್ಲಿ ಜಿಪ್ಸಮ್ ಇಷ್ಟು ಕಾಲ ಕರಗದೆ ಉಳಿಯದು ಎಂದು ಸಾರಿದ. ಡಿಸೆಂಬರಿನಲ್ಲಿ ಹಲ್ ತಾನೇ ಒಪ್ಪಿಕೊಂಡ. ಅಷ್ಟರಲ್ಲಿ ಅವನು ತನ್ನ ಪಾಲನ್ನು 23,000 ಡಾಲರಿಗೆ ಮಾರಿಯಾಗಿತ್ತು. ನನಗೆ ವಿಚಿತ್ರವೆನಿಸುವುದು ಮುಂದಿನ ಭಾಗ: ಗುಟ್ಟು ಹೊರಬಿದ್ದ ಮೇಲೂ ದೈತ್ಯ ಊರೂರು ತಿರುಗಿದ, 1901ರಲ್ಲಿ ಬಫಲೋ ನಗರದ ವಸ್ತುಪ್ರದರ್ಶನಕ್ಕೂ ಹೋದ, 1947ರಲ್ಲಿ ಮ್ಯೂಸಿಯಮ್ಮಿಗೆ ಮಾರಾಟವಾದ.

“ದೊಡ್ಡಪ್ಪ, ಈಗ ನೀವೂ ಟಿಕೆಟ್ ತೊಗೊಂಡೇ ನೋಡಿದ್ರಲ್ಲ” ಎಂದು ಸುಹಾಸ ಚುಚ್ಚಿದ. “ನಾನು ನೋಡಿದ್ದು ಉಳಿ ಕೆಲಸ ಕಣೋ” ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಸಿರಕ್ಯೂಸಿನಲ್ಲಿ ಊಟಕ್ಕೆ ಸಾಲ್ಟ್ ಪೊಟೇಟೊ ಸಿಕ್ಕಿತು. ಉಪ್ಪಿನ ಬುಗ್ಗೆಗಳಿಂದ ಬೆಳೆದ ನಗರ ಅದು. ಉಪ್ಪು ಕಾಯಿಸುವ ಕೆಲಸಗಾರರು ಪುಟ್ಟ ಆಲೂಗಡ್ಡೆಗಳನ್ನು ಅದೇ ಉಪ್ಪುನೀರಿನಲ್ಲಿ ಬೇಯಿಸಿಕೊಂಡು ತಿನ್ನುತ್ತಿದ್ದರಂತೆ. ಸಿಪ್ಪೆಯ ಮೇಲೆ ಉಪ್ಪಿನ ಬಿಳಿಯ ಪೊರೆ, ಮೇಲೆ ಕರಗಿದ ಬೆಣ್ಣೆ. ಸಸ್ಯಾಹಾರಿಗಳಿಗೆ ಈ ಕಡೆಯ ಸಣ್ಣ ಊರುಗಳಲ್ಲಿ ಆಯ್ಕೆ ಕಡಿಮೆ, ಇದು ಸಿಕ್ಕರೆ ಬಿಡಬಾರದು. ಸಂಜೆ ಸೆನೆಕಾ ಸರೋವರದ ಉತ್ತರ ತುದಿಯ ಜಿನೀವಾದಲ್ಲಿ ತಂಗಿದೆವು. ಆರುನೂರು ಅಡಿಗೂ ಆಳವಾದ ಈ ಸರೋವರದಿಂದ ಕೆಲವೊಮ್ಮೆ ದೂರದ ಫಿರಂಗಿ ಹಾರಿದಂತಹ ಸದ್ದು ಕೇಳಿಸುತ್ತದೆಂದು ಎರಡು ಶತಮಾನಗಳಿಂದ ಹೇಳುತ್ತ ಬಂದಿದ್ದಾರೆ. ತಳದಿಂದ ಅನಿಲ ಚಿಮ್ಮುವುದೇ ಕಾರಣವೆಂಬುದು ಒಂದು ವಿವರಣೆ. ಮೋಟೆಲಿನಲ್ಲಿ ನಮ್ಮ ಕೋಣೆಯ ಎ.ಸಿ. ಯಂತ್ರ ರಾತ್ರಿಯಿಡೀ ಗುಡುಗಿದ್ದರಿಂದ ಸರೋವರದ ಫಿರಂಗಿ ಹಾರಿದ್ದರೂ ನಮಗೆ ಕೇಳಿಸುತ್ತಿರಲಿಲ್ಲ.

ಮೂರನೆಯ ದಿನ: ಹೈಡ್ಸ್‌ವಿಲ್, ಪಾಲ್ಮೈರಾ, ರೋಚೆಸ್ಟರ್

ವೇನ್ ಕೌಂಟಿಯ ಸೇಬಿನ ತೋಟಗಳ ನಡುವೆ, ನ್ಯೂಆರ್ಕ್ ಎಂಬ ಪುಟ್ಟ ಪಟ್ಟಣದ ಹೊರಗೆ ಹೈಡ್ಸ್‌ವಿಲ್ ಇತ್ತು. ಇಂದು ಆ ಹೆಸರಿನ ಊರೇ ಉಳಿದಿಲ್ಲ. 1848ರ ಮಾರ್ಚ್ 31ರ ರಾತ್ರಿ ಅಲ್ಲಿನ ಬಾಡಿಗೆ ಮನೆಯೊಂದರಲ್ಲಿ ಕಮ್ಮಾರ ಜಾನ್ ಫಾಕ್ಸನ ಮಕ್ಕಳಾದ ಮ್ಯಾಗಿ ಮತ್ತು ಕೇಟ್, ಕತ್ತಲೆಯಲ್ಲಿ ಕೇಳಿಸುತ್ತಿದ್ದ ಟಕ್ ಟಕ್ ಸದ್ದಿಗೆ ಪ್ರಶ್ನೆ ಹಾಕಿದರು. ಸದ್ದು ಎಣಿಕೆಯಲ್ಲಿ ಉತ್ತರ ಕೊಟ್ಟಿತು. ತಾಯಿ ತನ್ನ ಮಕ್ಕಳ ವಯಸ್ಸು ಕೇಳಿದರೆ ಸರಿಯಾಗಿ ತಟ್ಟಿತು. ನೆರೆಯವರು ಬಂದು ಇನ್ನಷ್ಟು ಕೇಳಿದಾಗ, ಈ ಮನೆಯಲ್ಲಿ ಕೊಲೆಯಾಗಿ ನೆಲಮಾಳಿಗೆಯಲ್ಲಿ ಹೂಳಲ್ಪಟ್ಟ ತಿರುಗಾಟದ ವ್ಯಾಪಾರಿಯ ಪ್ರೇತ ತಾನೆಂದು ಅದು ತಿಳಿಸಿತಂತೆ. ಅಗೆದು ನೋಡಿದರು, ಗುಂಡಿಗೆ ನೀರು ನುಗ್ಗಿತು. 1904ರಲ್ಲಿ ಕುಸಿದ ಗೋಡೆಯ ಹಿಂದೆ ಮೂಳೆಗಳು ಸಿಕ್ಕವೆಂದು ಪತ್ರಿಕೆಗಳು ಬರೆದವು.

ಈಗ ಉಳಿದಿರುವುದು ಮನೆಯ ಅಡಿಪಾಯದ ಕಲ್ಲುಗಳು, ಅವುಗಳನ್ನು ಮಳೆಯಿಂದ ಕಾಪಾಡುವ ಒಂದು ಕಟ್ಟಡ. ನಾವು ಹೋದಾಗ ಬಾಗಿಲು ಹಾಕಿತ್ತು. ತೆರೆದಿರುವ ವೇಳೆ ಸೀಮಿತವಾದ್ದರಿಂದ ಮುಂಚೆ ವಿಚಾರಿಸಿಕೊಂಡು ಹೋಗುವುದು ಮೇಲು. ಗಾಜಿಗೆ ಹಣೆಯೊತ್ತಿ ನೋಡುತ್ತಿದ್ದ ನಮ್ಮನ್ನು ಕಂಡು ನಾಯಿಯೊಡನೆ ನಡೆದು ಬರುತ್ತಿದ್ದ ಮುದುಕರೊಬ್ಬರು ನಿಂತರು. ಎಲ್ಲಿಂದ ಬಂದಿರಿ ಎಂದರು. ಇಂಡಿಯಾದಿಂದ ಎಂದೆವು. ಇದನ್ನು ನೋಡಲು ಇಂಡಿಯಾದಿಂದಲೇ ಬಂದಿರಾ ಎಂದು ಅವರು ಚಕಿತರಾದಾಗ, ಸುಹಾಸ ನಯಾಗರದ ವಿಷಯ ಹೇಳಿ ನಮ್ಮ ಮಾನ ಉಳಿಸಿದ. ನೀವು ನಂಬುತ್ತೀರಾ ಎಂದು ನಾನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಹುಡುಗಿಯರು ತಾಯಿಯನ್ನು ಹೆದರಿಸಲು ಮಾಡಿದ್ದು ಅದು. ಆದರೆ ವ್ಯಾಪಾರಿಯ ಕೊಲೆ ಆಗಿರಬಹುದು” ಎಂದರು. ಸದ್ದು ಸುಳ್ಳಾದರೆ ಆ ಸದ್ದಿನಿಂದಲೇ ತಿಳಿದ ಕೊಲೆ ಹೇಗೆ ಉಳಿಯುತ್ತದೆ ಎಂದು ನಮ್ಮ ಮನೆಯವರು ಕನ್ನಡದಲ್ಲಿ ಗೊಣಗಿದರು. ನಾನು ಅದನ್ನು ಅನುವಾದಿಸಲಿಲ್ಲ.

ಪಾಲ್ಮೈರಾದಲ್ಲಿ ನಿಂತದ್ದು ಸ್ವಲ್ಪ ಹೊತ್ತು. ಒಂದೇ ಕೂಡುರಸ್ತೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಚರ್ಚುಗಳಿರುವ ಊರು ಅದು. ಇದರ ಹತ್ತಿರದ ಕ್ಯುಮೋರಾ ಗುಡ್ಡದಲ್ಲಿ 1827ರಲ್ಲಿ ಚಿನ್ನದ ಫಲಕಗಳನ್ನು ಪಡೆದೆನೆಂದು ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಹೇಳಿದರು. ಅವರ ಗ್ರಂಥ 1830ರಲ್ಲಿ ಇದೇ ಊರಿನ ಮುದ್ರಣಾಲಯದಲ್ಲಿ ಅಚ್ಚಾಯಿತು. ಇದು ಲಕ್ಷಾಂತರ ಜನರ ಜೀವಂತ ಧರ್ಮ, ನನ್ನ ದೈತ್ಯ ಮತ್ತು ಹಾವುಗಳ ಪಟ್ಟಿಯಲ್ಲಿ ಇದನ್ನು ಸೇರಿಸುವುದು ನನಗೆ ಸರಿ ಕಾಣಲಿಲ್ಲ. ಗುಡ್ಡ ಹತ್ತಿ, ಗಾಳಿ ಕುಡಿದು ಇಳಿದೆವು.

ರೋಚೆಸ್ಟರಿನಲ್ಲಿ ಫಾಕ್ಸ್ ಸೋದರಿಯರ ಎರಡನೆಯ ಅಂಕ ನಡೆಯಿತು. ಹಿರಿಯ ಅಕ್ಕ ಲೀಯ ಉಸ್ತುವಾರಿಯಲ್ಲಿ, 1849ರ ನವೆಂಬರ್ 14ರಂದು ಕೊರಿಂಥಿಯನ್ ಹಾಲಿನಲ್ಲಿ ಪ್ರೇತದ ಸದ್ದಿನ ಮೊದಲ ಸಾರ್ವಜನಿಕ ಪ್ರದರ್ಶನವಾಯಿತು. ಅಲ್ಲಿಯೂ ಪ್ರವೇಶಕ್ಕೆ 25 ಸೆಂಟೇ. ಆ ಸಭಾಂಗಣ ಈಗಿಲ್ಲ. ಅವರಿಗೆ ಬೆನ್ನಾಗಿ ನಿಂತ ಐಸಾಕ್ ಮತ್ತು ಏಮಿ ಪೋಸ್ಟ್ ದಂಪತಿಗಳು ಮಂಕುಗಳಾಗಿರಲಿಲ್ಲ. ಓಡಿಬಂದ ಗುಲಾಮರಿಗೆ ತಮ್ಮ ಮನೆಯಲ್ಲಿ ಆಶ್ರಯ ಕೊಟ್ಟವರು, ಅದೇ 1848ರ ಬೇಸಿಗೆಯಲ್ಲಿ ಸೆನೆಕಾ ಫಾಲ್ಸಿನಲ್ಲಿ ನಡೆದ ಸ್ತ್ರೀಹಕ್ಕಿನ ಸಮಾವೇಶದ ಘೋಷಣೆಗೆ ಏಮಿ ಸಹಿ ಹಾಕಿದವರು. ಅದೇ ಹಾಲಿನಲ್ಲಿ 1852ರಲ್ಲಿ ಫ್ರೆಡರಿಕ್ ಡಗ್ಲಸ್ ಗುಲಾಮಗಿರಿಯ ವಿರುದ್ಧ ತಮ್ಮ ಪ್ರಸಿದ್ಧ ಭಾಷಣ ಮಾಡಿದರು. ಲೋಕ ಬದಲಾಗಬಹುದೆಂದು ನಂಬಿದ್ದ ಜನ ಅವರು. ಸತ್ತವರೂ ಮಾತನಾಡಬಹುದು ಎಂಬುದು ಅವರಿಗೆ ಆ ನಂಬಿಕೆಯಿಂದ ಬಹಳ ದೂರವೆನಿಸಿರಲಿಕ್ಕಿಲ್ಲ. ಅದನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರೊಡನೆ ನನಗೆ ಸಹಮತವಿಲ್ಲ.

1888ರ ಅಕ್ಟೋಬರ್ 21ರಂದು ನ್ಯೂಯಾರ್ಕಿನ ತುಂಬಿದ ರಂಗಮಂದಿರದಲ್ಲಿ ಮ್ಯಾಗಿ ಪಾದರಕ್ಷೆ ಕಳಚಿ, ಕಾಲಿನ ಬೆರಳ ನೆಟಿಗೆ ಮುರಿದು ಆ ಸದ್ದನ್ನು ಎಲ್ಲರೆದುರು ಮಾಡಿ ತೋರಿಸಿದಳು. ಮರುವರ್ಷವೇ ಆ ತಪ್ಪೊಪ್ಪಿಗೆಯನ್ನು ಹಿಂತೆಗೆದುಕೊಂಡಳು. ನಂಬಿದವರು ಎರಡನೆಯ ಹೇಳಿಕೆ ಹಿಡಿದರು, ನಂಬದವರು ಮೊದಲನೆಯದನ್ನು. ಕೇಟ್ 1892ರಲ್ಲಿ, ಮ್ಯಾಗಿ 1893ರಲ್ಲಿ ಬಡತನದಲ್ಲಿಯೇ ತೀರಿಕೊಂಡರು.

ನಾಲ್ಕನೆಯ ದಿನ: ಲೆಚ್‌ವರ್ತ್ ಕಮರಿ, ಸಿಲ್ವರ್ ಲೇಕ್

ಬೆಳಗ್ಗೆ ಲೆಚ್‌ವರ್ತ್ ಉದ್ಯಾನದಲ್ಲಿ ಜೆನೆಸೀ ನದಿ ಆಳವಾದ ಕಮರಿಯೊಳಗೆ ಮೂರು ಜಲಪಾತಗಳಾಗಿ ಬೀಳುವುದನ್ನು ನೋಡಿದೆವು. ಬೇಸಿಗೆಯಲ್ಲಿ ಇಲ್ಲಿ ಪ್ರವೇಶಧನ ತಲೆಗಿಲ್ಲ, ಕಾರಿಗೆ. ಹಾಗಾಗಿ ಕಾರು ತುಂಬಿಕೊಂಡು ಹೋದಷ್ಟೂ ಲಾಭ. ಮಧ್ಯದ ಜಲಪಾತದ ಬಳಿ ಇದ್ದಕ್ಕಿದ್ದಂತೆ ಮೋಡ ಕವಿದು ಮಳೆ ಹೊಡೆಯಿತು. ನಮ್ಮ ಮನೆಯವರ ಒಂದು ಚಪ್ಪಲಿ ಕೆಸರಿನಲ್ಲಿ ಕಚ್ಚಿಕೊಂಡು ಉಂಗುಷ್ಠ ಕಿತ್ತುಬಂತು. ಬಲಗಾಲಿಗೆ ಸುಹಾಸನ ಓಟದ ಬೂಟು, ಎಡಗಾಲಿಗೆ ಉಳಿದ ಚಪ್ಪಲಿ ಹಾಕಿಕೊಂಡು ಅವರು ಪೆರಿ ಎಂಬ ಊರಿನ ಡೈನರಿಗೆ ಬಂದರು. ಅವರ ಕಾಲು ನೋಡಿದ ಪರಿಚಾರಿಕೆ ಕೇಳದೆಯೇ ಬಿಸಿ ಕಾಫಿ ತಂದಿಟ್ಟಳು.

ಪೆರಿಯ ಪಕ್ಕದಲ್ಲಿಯೇ ಸಿಲ್ವರ್ ಲೇಕ್ ಇದೆ. 1855ರ ಜುಲೈ 13ರ ರಾತ್ರಿ ಮೀನು ಹಿಡಿಯಲು ದೋಣಿಯಲ್ಲಿ ಹೋದವರಿಗೆ ನೀರಿನಲ್ಲಿ ದಿಮ್ಮಿಯಂತಹುದು ಕಂಡಿತು. ನೋಡನೋಡುತ್ತ ಅದು ಹಾವಾಗಿ ತಲೆಯೆತ್ತಿತು. ಸ್ಥಳೀಯ ಪತ್ರಿಕೆ ಬರೆಯಿತು, ದೂರದೂರದಿಂದ ಜನ ಬಂದರು, ಹೋಟೆಲುಗಳು ತುಂಬಿದವು. ಗುಟ್ಟು ಹೊರಬಿದ್ದ ಬಗೆಯನ್ನು ಪಕ್ಕದ ಮೇಜಿನ ಗೃಹಸ್ಥರು ಬಾಯಿಪಾಠವಾಗಿ ಹೇಳಿದರು: ವ್ಯಾಪಾರ ಕುಸಿದಿದ್ದ ಹೋಟೆಲಿನ ಯಜಮಾನ ವಾಕರ್ ಗೆಳೆಯರೊಡನೆ ಸೇರಿ ತಂತಿಯ ಸುರುಳಿಗೆ ಕ್ಯಾನ್ವಾಸ್ ಹೊದಿಸಿ ಹಾವು ಮಾಡಿದ, ದಡದ ಗುಡಿಸಲಿನಿಂದ ತಿದಿಯೊತ್ತಿ ಕೊಳವೆಯ ಮೂಲಕ ಗಾಳಿ ತುಂಬಿ ಅದನ್ನು ಮೇಲೆತ್ತುತ್ತಿದ್ದ, 1857ರಲ್ಲಿ ಹೋಟೆಲಿಗೆ ಬೆಂಕಿ ಬಿದ್ದಾಗ ಅಟ್ಟದಲ್ಲಿ ಆ ಕ್ಯಾನ್ವಾಸು ಸಿಕ್ಕಿತು.

ಇಲ್ಲಿಯವರೆಗೆ ಎಲ್ಲಕ್ಕೂ ತಲೆಯಾಡಿಸದೆ ಕುಳಿತಿದ್ದ ನಮ್ಮ ಮನೆಯವರು ಕಾಫಿ ಬದಿಗಿಟ್ಟು ಕಾಗದದ ಕರವಸ್ತ್ರದ ಮೇಲೆ ಗೀಚತೊಡಗಿದರು. ಅಷ್ಟು ಉದ್ದದ ಕೊಳವೆ, ಹೊಲಿಗೆಯಲ್ಲೆಲ್ಲ ಸೋರುವ ಕ್ಯಾನ್ವಾಸು, ಮೇಲೆ ನೀರಿನ ಒತ್ತಡ, ಕೈಯಲ್ಲಿ ಒತ್ತುವ ತಿದಿ: ಇದು ಮೇಲೇಳುವುದೇ ಇಲ್ಲ, ಎದ್ದರೂ ಮತ್ತೆ ಮುಳುಗುವುದಿಲ್ಲ ಎಂದರು. ಅವರ ಅನುಮಾನಕ್ಕೆ ಆಧಾರವಿದೆ. ಈಚಿನ ಕಾಲದಲ್ಲಿ ಇದನ್ನು ಕೆದಕಿದ ಸಂಶೋಧಕರಿಗೆ ಬೆಂಕಿಯ ಕಾಲದ ಪತ್ರಿಕೆಗಳಲ್ಲಿ ಕ್ಯಾನ್ವಾಸ್ ಹಾವಿನ ಸುದ್ದಿ ಸಿಗಲಿಲ್ಲ, ಅದು ವಿಸ್ತಾರವಾಗಿ ಅಚ್ಚಾಗಿದ್ದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಅಂದರೆ ಹಾವೂ ಇರಲಿಲ್ಲ, ಹಾವು ಮಾಡಿದ ಮೋಸವೂ ಬಹುಶಃ ನಡೆಯಲಿಲ್ಲ. ವಿವರಣೆಯಿಲ್ಲದೆ ಇರಲಾರದ ಬುದ್ಧಿವಂತರು ಹಾವಿಗಿಂತ ನಂಬಲು ಕಷ್ಟವಾದ ವಿವರಣೆಯೊಂದನ್ನು ಕಟ್ಟಿಕೊಂಡರು. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದ ಒಗಟು ಇದೇ. ಗೃಹಸ್ಥರು ಮಾತ್ರ ಕರವಸ್ತ್ರದ ಲೆಕ್ಕವನ್ನು ಮೆಚ್ಚಲಿಲ್ಲ. “ನಮ್ಮ ತಾತ ಹೇಳುತ್ತಿದ್ದರು” ಎಂದು ಅವರು ಮಾತು ಮುಗಿಸಿದರು.

ಐದನೆಯ ದಿನ: ಬಟೇವಿಯಾ, ಲಿಲಿ ಡೇಲ್

ಬಟೇವಿಯಾದ ಸ್ಮಶಾನದಲ್ಲಿ 1882ರಲ್ಲಿ ನಿಲ್ಲಿಸಿದ ಎತ್ತರದ ಕಂಬವೊಂದರ ತುದಿಯಲ್ಲಿ ವಿಲಿಯಂ ಮಾರ್ಗನ್ನನ ಪ್ರತಿಮೆ ಇದೆ. ಫ್ರೀಮೇಸನ್ನರೆಂಬ ರಹಸ್ಯ ಸಂಘದವರ ಗುಟ್ಟುಗಳನ್ನು ಪುಸ್ತಕ ಮಾಡುತ್ತೇನೆಂದು ಹೊರಟಿದ್ದ ಇವನನ್ನು 1826ರ ಸೆಪ್ಟೆಂಬರಿನಲ್ಲಿ ಸಣ್ಣ ಸಾಲದ ನೆಪದಲ್ಲಿ ಸೆರೆಗೆ ಹಾಕಿದರು. ಯಾರೋ ಸಾಲ ತೀರಿಸಿ ಬಿಡಿಸಿದರು, ಬಾಗಿಲಲ್ಲಿಯೇ ಗಾಡಿಗೆ ತಳ್ಳಿ ನಯಾಗರ ಕೋಟೆಯ ಕಡೆ ಒಯ್ದರು, ಮತ್ತೆ ಅವನನ್ನು ಕಂಡವರಿಲ್ಲ. ಮರುವರ್ಷ ದಡಕ್ಕೆ ಬಂದ ಹೆಣವೊಂದನ್ನು ಮಾರ್ಗನ್ನನದೆಂದು ಹೂಳಿದ ಮೇಲೆ, ಅದು ಕೆನಡಾದ ಇನ್ನೊಬ್ಬನದೆಂದು ತೀರ್ಮಾನವಾಯಿತು. ಈ ಒಂದು ಕಣ್ಮರೆಯಿಂದ ಹುಟ್ಟಿದ ಮೇಸನ್ ವಿರೋಧಿ ಪಕ್ಷ 1832ರ ಅಧ್ಯಕ್ಷೀಯ ಚುನಾವಣೆಯಲ್ಲಿ ವರ್ಮಾಂಟ್ ರಾಜ್ಯವನ್ನು ಗೆದ್ದಿತು. ದೈತ್ಯ, ಹಾವುಗಳ ನಡುವೆ ಇದೊಂದೇ ನಗು ಬಾರದ ಕಥೆ.

ಮಧ್ಯಾಹ್ನ ಲಿಲಿ ಡೇಲ್ ತಲುಪಿದೆವು. 1879ರಲ್ಲಿ ಪ್ರೇತವಾದಿಗಳು ಕ್ಯಾಸಡಾಗ ಸರೋವರದ ದಡದಲ್ಲಿ ಕಟ್ಟಿದ ಈ ಗ್ರಾಮದಲ್ಲಿ ಇಂದಿಗೂ ಮಾಧ್ಯಮರು, ಅಂದರೆ ಸತ್ತವರೊಡನೆ ಮಾತನಾಡುತ್ತೇವೆನ್ನುವವರು, ತಮ್ಮ ಮನೆಗಳ ಮುಂದೆ ಫಲಕ ಹಾಕಿಕೊಂಡು ಬಾಳುತ್ತಾರೆ. ಬೇಸಿಗೆಯ ಋತುವಿನಲ್ಲಿ ದ್ವಾರದಲ್ಲಿ ಶುಲ್ಕವಿದೆ. ಫಾಕ್ಸ್ ಸೋದರಿಯರ ಮನೆಯನ್ನು 1916ರಲ್ಲಿ ಹೈಡ್ಸ್‌ವಿಲ್ಲಿನಿಂದ ಇಲ್ಲಿಗೆ ತಂದು ನಿಲ್ಲಿಸಿದ್ದರು, 1955ರಲ್ಲಿ ಅದು ಸುಟ್ಟುಹೋಯಿತು. ಈಗ ಆ ಜಾಗದಲ್ಲಿ ಒಂದು ತೋಟವಿದೆ. ಪ್ರೇತವಾದದ ಈ ಅಲೆ ನಮ್ಮ ಕಡೆಗೂ ಒಂದು ಕವಲು ಕಳಿಸಿತ್ತು. ವರ್ಮಾಂಟಿನ ಇಂಥದೇ ಒಂದು ಮನೆಯಲ್ಲಿ ಪ್ರೇತಗಳನ್ನು ನೋಡಲು 1874ರಲ್ಲಿ ಹೋಗಿದ್ದ ಕರ್ನಲ್ ಆಲ್ಕಾಟ್ ಅಲ್ಲಿ ಬ್ಲಾವಟ್‌ಸ್ಕಿಯನ್ನು ಭೇಟಿಯಾದರು, ಮರುವರ್ಷ ಅವರ ಮುಂದಾಳತ್ವದಲ್ಲಿ ಥಿಯೊಸಾಫಿಕಲ್ ಸೊಸೈಟಿ ಹುಟ್ಟಿತು, 1882ರಲ್ಲಿ ಅದು ಚೆನ್ನೈನ ಅಡ್ಯಾರಿಗೆ ಬಂತು. ಬೆಂಗಳೂರಿನಲ್ಲೂ ಅದರ ಶಾಖೆಯಿದೆ.

ಕಾಡಿನೊಳಗಿನ ‘ಸ್ಫೂರ್ತಿಯ ಬೊಡ್ಡೆ’ಯ ಬಳಿ ದಿನವೂ ನಡೆಯುವ ಸಭೆಗೆ ಬೇರೆ ಹಣ ಕೊಡಬೇಕಾಗಿಲ್ಲ. ಹಳೆಯ ಮರಗಳ ಕೆಳಗೆ ಬೆಂಚುಗಳು, ಸೊಳ್ಳೆಗಳು ಮಾತ್ರ ವಿಪರೀತ. ಮಾಧ್ಯಮರು ಒಬ್ಬೊಬ್ಬರಾಗಿ ಬಂದು, ಸಭಿಕರಲ್ಲಿ ಒಬ್ಬರನ್ನು ಆರಿಸಿ, ನಿಮ್ಮ ಬಳಿ ಬರಬಹುದೇ ಎಂದು ಅನುಮತಿ ಕೇಳಿ ಸಂದೇಶ ಹೇಳುತ್ತಾರೆ. ಒಬ್ಬ ಮಹಿಳೆ ನೇರವಾಗಿ ನಮ್ಮ ಮನೆಯವರನ್ನೇ ತೋರಿಸಿದರು. ತಂದೆಯ ಕಡೆಯ ಹಿರಿಯರೊಬ್ಬರು, ಹೆಸರಿನಲ್ಲಿ ‘ರ’ ಇದೆ, ಎದೆಯ ತೊಂದರೆಯಿಂದ ಹೋದವರು, ನೀವು ವಿಶ್ರಾಂತಿ ತೆಗೆದುಕೊಳ್ಳಬೇಕೆನ್ನುತ್ತಿದ್ದಾರೆ ಎಂದರು. ಇವರು ಎದ್ದು ನಿಂತು ಸಭ್ಯವಾಗಿ ಧನ್ಯವಾದ ಹೇಳಿದರು. ಕೂತ ಮೇಲೆ, “ನಮ್ಮ ವಂಶದಲ್ಲಿ ‘ರ’ ಇಲ್ಲದ ಹೆಸರು ಯಾವುದಿದೆ? ರಾಮಚಂದ್ರ, ರಂಗಪ್ಪ, ರಾಘವೇಂದ್ರ…” ಎಂದು ನನ್ನ ಕಿವಿಯಲ್ಲಿ ಎಣಿಸಿದರು.

ಕಾರಿನ ಕಡೆ ನಡೆಯುವಾಗ ಅವರು ಒಂದು ಮನೆಯ ಫಲಕದ ಮುಂದೆ ತುಸು ಹೆಚ್ಚೇ ಹೊತ್ತು ನಿಂತರು.

“ಇವರು ಒಬ್ಬೊಬ್ಬರಿಗೆ ಎಷ್ಟು ತೊಗೊಳ್ತಾರೋ, ಸುಹಾಸ?”

“ಯಾಕೆ ದೊಡ್ಡಪ್ಪ, ಒಳಗೆ ಹೋಗ್ತೀರಾ?”

“ಸುಮ್ನೆ ಕೇಳ್ದೆ.”

ಸುಹಾಸ ಬಾಗಿಲು ತಟ್ಟಿ ವಿಚಾರಿಸಿ ಬಂದ. ಮೊದಲೇ ಸಮಯ ಗೊತ್ತು ಮಾಡಿಕೊಳ್ಳಬೇಕಂತೆ, ಅಂದಿನ ವೇಳೆಯೆಲ್ಲ ತುಂಬಿತ್ತು. 25 ಸೆಂಟಿನ ಕಾಲವಂತೂ ಅಲ್ಲ. ನಾವು ಬಫಲೋ ದಾರಿ ಹಿಡಿದು, ಕತ್ತಲಾಗುವ ಮೊದಲು ಅವರಿಗೆ ಒಂದು ಜೊತೆ ಚಪ್ಪಲಿ ಕೊಂಡೆವು.